ಹೆಪ್ಪುಗಟ್ಟಿಸುವ ಕಿಣ್ವ ಹೊಸ ರಕ್ತನಾಳವನ್ನೂ ಬೆಳೆಸುತ್ತದಂತೆ, ಅಕ್ಕನ ಮಾತ್ರೆ ಏನು ಮಾಡಲಿ?

ಪ್ರಶ್ನೆ: ನನ್ನ ಅಕ್ಕನಿಗೆ 54 ವರ್ಷ. ನಾಲ್ಕು ತಿಂಗಳ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಗಡ್ಡೆಯನ್ನು ಪೂರ್ತಿ ತೆಗೆದಿದ್ದೇವೆ ಎಂದರು. ಈಗ ಕೀಮೋ ನಡೆಯುತ್ತಿದೆ. ಮೂರನೇ ಕೀಮೋ ಮುಗಿದ ಮೇಲೆ ಎಡಗಾಲು ಊದಿಕೊಂಡಿತು. ಸ್ಕ್ಯಾನ್ ಮಾಡಿದಾಗ ತೊಡೆಯ ಒಳಗಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿತು. ಅಪಿಕ್ಸಬಾನ್ ಮಾತ್ರೆ ಶುರು ಮಾಡಿ ಐದು ವಾರವಾಯಿತು. ಈ ನಡುವೆ ನಾನು ಒಂದು ವಿಷಯ ಓದಿದೆ. ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವ ಹೊಸ ರಕ್ತನಾಳಗಳನ್ನೂ ಬೆಳೆಸುತ್ತದಂತೆ, ಆ ನಾಳಗಳೇ ಕ್ಯಾನ್ಸರ್ ಗಡ್ಡೆಯನ್ನು ಸಾಕುತ್ತವಂತೆ. ಅಂದಿನಿಂದ ನನಗೆ ನಿದ್ದೆಯಿಲ್ಲ. ಹೆಪ್ಪು ಬಂದಿದೆ ಅಂದರೆ ಕ್ಯಾನ್ಸರ್ ಮತ್ತೆ ಬೆಳೆಯುತ್ತಿದೆ ಅಂತಲೇ? ಈ ಮಾತ್ರೆ ಕ್ಯಾನ್ಸರನ್ನೂ ತಡೆಯುತ್ತದೆ ಅನ್ನುವುದಾದರೆ ಡೋಸ್ ಹೆಚ್ಚಿಸಬಹುದೇ? ಭಾವ ಬೇರೆಯೇ ಹೇಳುತ್ತಾರೆ. ಹೊಸ ರಕ್ತನಾಳ ಬೆಳೆಯದಿದ್ದರೆ ಹೊಟ್ಟೆಯೊಳಗಿನ ಗಾಯ ಹೇಗೆ ಮಾಯುತ್ತದೆ, ಮಾತ್ರೆ ನಿಲ್ಲಿಸೋಣ ಎನ್ನುತ್ತಾರೆ. ಪರಿಚಯದವರೊಬ್ಬರು ಹೆಪ್ಪು ಕರಗಿಸುವ ಎಂಜೈಮ್ ಕ್ಯಾಪ್ಸೂಲ್ ಕೊಡಿ ಎಂದಿದ್ದಾರೆ. ಏನು ಮಾಡಬೇಕು?

ಉತ್ತರ: ಉಳಿದದ್ದನ್ನೆಲ್ಲ ನಿಧಾನವಾಗಿ ಮಾತಾಡೋಣ. ಮೊದಲು ಇಷ್ಟು ಕೇಳಿ. ಮಾತ್ರೆ ನಿಲ್ಲಿಸಬೇಡಿ, ಹೆಚ್ಚಿಸಲೂ ಬೇಡಿ. ತೊಡೆಯ ದೊಡ್ಡ ರಕ್ತನಾಳದಲ್ಲಿ ಕೂತಿರುವ ಹೆಪ್ಪಿನ ಒಂದು ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಈ ಅಪಾಯ ಮೊದಲ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ಜಾಸ್ತಿ. ನಿಮ್ಮ ಅಕ್ಕ ಇನ್ನೂ ಆ ಅವಧಿಯಲ್ಲೇ ಇದ್ದಾರೆ.

ಇನ್ನು ನೀವು ಓದಿದ ವಿಷಯ. ಅದು ಸುಳ್ಳಲ್ಲ. ಥ್ರಾಂಬಿನ್‌ಗೂ ಹೊಸ ರಕ್ತನಾಳಕ್ಕೂ ನಂಟಿರುವುದು ನಿಜ. ಆದರೆ ಅದರಿಂದ ನೀವು ಹೊರಟ ದಾರಿಯೂ ತಪ್ಪು, ನಿಮ್ಮ ಭಾವ ಹೊರಟ ದಾರಿಯೂ ತಪ್ಪು. ಎಷ್ಟೋ ಮನೆಯವರು ಇದೇ ಎರಡು ದಾರಿಯಲ್ಲಿ ಒಂದನ್ನು ಹಿಡಿದು ನನ್ನ ಮುಂದೆ ಬಂದು ಕೂತಿದ್ದಾರೆ. ಹಾಗಾಗಿ ಈ ಕಿಣ್ವ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಕ್ತನಾಳದ ಗೋಡೆಯ ಹೊರಗಿನ ಜೀವಕೋಶಗಳ ಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಇರುತ್ತದೆ. ಎಲ್ಲ ಸರಿಯಿದ್ದಾಗ ರಕ್ತ ಅದನ್ನು ಮುಟ್ಟುವುದೇ ಇಲ್ಲ. ಗಾಯವಾಗಿ ಗೋಡೆ ಹರಿದರೆ ಮುಟ್ಟುತ್ತದೆ. ಆಗ ರಕ್ತದಲ್ಲಿರುವ ಏಳನೇ ಫ್ಯಾಕ್ಟರ್ (ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನು ಹೀಗೆ ಸಂಖ್ಯೆಯಿಂದ ಕರೆಯುತ್ತಾರೆ) ಎಚ್ಚರವಾಗುತ್ತದೆ, ಅದು ಹತ್ತನೇ ಫ್ಯಾಕ್ಟರನ್ನು ಎಬ್ಬಿಸುತ್ತದೆ, ಹತ್ತನೆಯದು ಥ್ರಾಂಬಿನ್ ತಯಾರಿಸುತ್ತದೆ. ಥ್ರಾಂಬಿನ್ ಒಂದು ಕತ್ತರಿಯಿದ್ದಂತೆ. ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನಿನ ತುದಿಗಳನ್ನು ಕತ್ತರಿಸುತ್ತದೆ. ತುದಿ ಕಳೆದುಕೊಂಡ ಎಳೆಗಳು ಒಂದಕ್ಕೊಂದು ಅಂಟಿ ಫೈಬ್ರಿನ್ ಬಲೆಯಾಗುತ್ತವೆ. ಆ ಬಲೆಯೇ ಹೆಪ್ಪಿನ ಗಟ್ಟಿತನ. ನಿಮ್ಮ ಅಕ್ಕ ನುಂಗುತ್ತಿರುವ ಅಪಿಕ್ಸಬಾನ್ ತಡೆಯುವುದು ಹತ್ತನೇ ಫ್ಯಾಕ್ಟರನ್ನು. ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುತ್ತೇವೆ, ಆದರೆ ರಕ್ತ ತೆಳುವಾಗುವುದಿಲ್ಲ. ಥ್ರಾಂಬಿನ್ ಹುಟ್ಟುವ ಪ್ರಮಾಣ ಕಡಿಮೆಯಾಗುತ್ತದೆ, ಅಷ್ಟೇ. ಇದ್ದ ಹೆಪ್ಪನ್ನು ಮಾತ್ರೆ ಕರಗಿಸುವುದೂ ಇಲ್ಲ. ಅದು ಬೆಳೆಯದಂತೆ ನೋಡಿಕೊಳ್ಳುತ್ತದೆ, ಕರಗಿಸುವ ಕೆಲಸವನ್ನು ದೇಹ ತಾನೇ ಮಾಡಿಕೊಳ್ಳುತ್ತದೆ.

ಥ್ರಾಂಬಿನ್‌ಗೆ ಇನ್ನೊಂದು ಕೆಲಸವೂ ಇದೆ. ರಕ್ತನಾಳದ ಒಳಮೈಯ ಜೀವಕೋಶಗಳ ಮೇಲೆ, ಪ್ಲೇಟ್‌ಲೆಟ್‌ಗಳ ಮೇಲೆ ಪಾರ್-1 ಎಂಬ ಪ್ರೋಟೀನ್ ಹೊರಗೆ ಚಾಚಿಕೊಂಡಿರುತ್ತದೆ. ಇದನ್ನು ಗುರುತಿಸಿದ್ದು 1991ರಲ್ಲಿ. ಥ್ರಾಂಬಿನ್ ಇದರ ತುದಿಯನ್ನೂ ಕತ್ತರಿಸುತ್ತದೆ. ಆಗ ಉಳಿದ ಹೊಸ ತುದಿ ತಾನೇ ಬಾಗಿ, ಅದೇ ಪ್ರೋಟೀನಿನ ಗುಂಡಿಯನ್ನು ಒತ್ತುತ್ತದೆ. ಬೀಗದ ಕೈಯನ್ನು ಬೀಗಕ್ಕೇ ಕಟ್ಟಿಟ್ಟ ಹಾಗೆ. ಒಮ್ಮೆ ಕತ್ತರಿಸಿದರೆ ಮತ್ತೆ ಜೋಡಿಸುವಂತಿಲ್ಲ, ಜೀವಕೋಶ ಅದನ್ನು ಒಳಗೆಳೆದುಕೊಂಡು ಹೊಸದನ್ನು ಹೊರಗಿಡಬೇಕು. ಗುಂಡಿ ಒತ್ತಿದ ಮೇಲೆ ಜೀವಕೋಶಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಅವು ಚಲಿಸಲು, ಸಂಖ್ಯೆಯಲ್ಲಿ ಹೆಚ್ಚಲು ತಯಾರಾಗುತ್ತವೆ. ವಿಇಜಿಎಫ್ ಎಂಬ ರಕ್ತನಾಳ ಬೆಳೆಸುವ ಪ್ರೋಟೀನ್ ಜಾಸ್ತಿಯಾಗುತ್ತದೆ.

ಇದು ಬರೀ ಗಾಜಿನ ತಟ್ಟೆಯಲ್ಲಿ ಕಂಡ ಸಂಗತಿಯಲ್ಲ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಇಲಿಗಳ ಮೇಲಿನ ಪ್ರಯೋಗಗಳು. ಫೈಬ್ರಿನೋಜನ್ ಇಲ್ಲದಂತೆ ಮಾಡಿದ ಇಲಿಮರಿಗಳು ಹುಟ್ಟುತ್ತವೆ. ರಕ್ತಸ್ರಾವದ ತೊಂದರೆ ಇರುತ್ತದೆ, ಆದರೆ ಗರ್ಭದಲ್ಲಿ ರಕ್ತನಾಳಗಳು ಬೆಳೆದಿರುತ್ತವೆ. ಪಾರ್-1 ಇಲ್ಲದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗರ್ಭದಲ್ಲೇ ಸಾಯುತ್ತವೆ. ಟಿಶ್ಯೂ ಫ್ಯಾಕ್ಟರ್ ಇಲ್ಲದ ಮರಿಗಳ ಗತಿ ಇನ್ನೂ ಕಷ್ಟ. 2001ರಲ್ಲಿ ವಿಜ್ಞಾನಿಗಳು ಪಾರ್-1 ಇಲ್ಲದ ಮರಿಗಳಿಗೆ ಅದನ್ನು ರಕ್ತನಾಳದ ಒಳಮೈಯ ಜೀವಕೋಶಗಳಲ್ಲಿ ಮಾತ್ರ ಮರಳಿ ಕೊಟ್ಟರು. ಮರಿಗಳು ಸಾಯುವುದು ತಪ್ಪಿತು. ಅಂದರೆ ನಾಳ ಕಟ್ಟುವಾಗ ಥ್ರಾಂಬಿನ್ ನೇರವಾಗಿ ನಾಳದ ಜೀವಕೋಶಗಳ ಜೊತೆ ಮಾತಾಡುತ್ತದೆ. ಹೆಪ್ಪಿನ ಬಲೆ ಅಲ್ಲಿ ಮಧ್ಯೆ ಬರಲೇಬೇಕೆಂದಿಲ್ಲ.

ಬಲೆಗೂ ಅದರದೇ ಕೆಲಸವಿದೆ. ಗಾಯದಲ್ಲಿ ಫೈಬ್ರಿನ್ ಬಲೆ ಹಂದರದಂತೆ ನಿಲ್ಲುತ್ತದೆ. ಹಂದರಕ್ಕೆ ಬಳ್ಳಿ ಹಬ್ಬುವಂತೆ ಸಣ್ಣ ರಕ್ತನಾಳಗಳು ಅದರ ಮೇಲೆ ಹಬ್ಬುತ್ತವೆ. ಗಾಯವಾದ ಮೂರ್ನಾಲ್ಕು ದಿನಕ್ಕೆ ಇದು ಶುರುವಾಗುತ್ತದೆ. ಗಾಯ ಮಾಯುವಾಗ ಕೆಂಪಗೆ, ಮುಟ್ಟಿದರೆ ರಕ್ತ ಒಸರುವಂತಹ ಹೊಸ ಮಾಂಸ ತುಂಬಿಕೊಳ್ಳುತ್ತದಲ್ವಾ, ಆ ಕೆಂಪು ಈ ನಾಳಗಳದ್ದು. ಕೆಲಸ ಮುಗಿದ ಮೇಲೆ ಹೆಚ್ಚಿನವು ಒಣಗಿ ಹೋಗುತ್ತವೆ.

ಕ್ಯಾನ್ಸರ್ ಗಡ್ಡೆ ಇದೇ ವ್ಯವಸ್ಥೆಯನ್ನು ಕದಿಯುತ್ತದೆ. ಹೊಸ ನಾಳಗಳಿಲ್ಲದೆ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲಾರದು ಎಂದು ಜೂಡಾ ಫೋಕ್‌ಮನ್ ಎಂಬ ಸರ್ಜನ್ 1971ರಲ್ಲಿ ವಾದಿಸಿದರು. 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಎಂಬ ರೋಗಶಾಸ್ತ್ರಜ್ಞ ಕ್ಯಾನ್ಸರ್ ಗಡ್ಡೆಯನ್ನು ‘ಮಾಯದ ಗಾಯ’ ಎಂದು ಕರೆದರು. ಗಡ್ಡೆಯ ನಾಳಗಳು ಸೋರುತ್ತವೆ. ಸೋರಿದ ಫೈಬ್ರಿನೋಜನ್ ಹೊರಗೆ ಬಲೆಯಾಗುತ್ತದೆ. ಬಲೆಯ ಮೇಲೆ ಮತ್ತೆ ನಾಳ ಹಬ್ಬುತ್ತದೆ. ಗಾಯದಲ್ಲಿ ಒಂದು ಹಂತಕ್ಕೆ ನಿಲ್ಲುವುದು ಇಲ್ಲಿ ನಿಲ್ಲುವುದಿಲ್ಲ. ಅನೇಕ ಕ್ಯಾನ್ಸರ್ ಜೀವಕೋಶಗಳು ಟಿಶ್ಯೂ ಫ್ಯಾಕ್ಟರನ್ನು ತಮ್ಮ ಮೈಮೇಲೆ ಹೊತ್ತಿರುತ್ತವೆ, ಹಾಗಾಗಿ ಥ್ರಾಂಬಿನ್ ಹುಟ್ಟುತ್ತಲೇ ಇರುತ್ತದೆ.

ನೀವು ಓದಿದ್ದು ಬಹುಶಃ ಇಲ್ಲಿಗೆ ನಿಂತಿತ್ತು. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ದೇಹ ಬ್ರೇಕನ್ನೂ ಇದೇ ಸಾಮಗ್ರಿಯಿಂದ ಮಾಡಿಕೊಳ್ಳುತ್ತದೆ. ಹೆಪ್ಪು ಕರಗಿಸುವ ಪ್ಲಾಸ್ಮಿನ್ ಕಿಣ್ವ ಬರುವುದು ಪ್ಲಾಸ್ಮಿನೋಜನ್‌ನಿಂದ. ಅದೇ ಪ್ಲಾಸ್ಮಿನೋಜನ್‌ನ ಇನ್ನೊಂದು ತುಂಡು ಆಂಜಿಯೋಸ್ಟ್ಯಾಟಿನ್. 1994ರಲ್ಲಿ ಫೋಕ್‌ಮನ್ ಅವರ ಪ್ರಯೋಗಾಲಯದಲ್ಲೇ ಸಿಕ್ಕ ಇದು ರಕ್ತನಾಳ ಬೆಳೆಯದಂತೆ ತಡೆಯುತ್ತದೆ. ಪ್ಲೇಟ್‌ಲೆಟ್ ಒಳಗಿನ ಚೀಲಗಳಲ್ಲಿ ನಾಳ ಬೆಳೆಸುವ ವಸ್ತುವೂ ಇದೆ, ತಡೆಯುವ ವಸ್ತುವೂ ಇದೆ.

ಹೀಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇರುವವರ ಮೊಣಕಾಲು ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅವರಿಗೆ ಥ್ರಾಂಬಿನ್ ಸಾಕಷ್ಟು ಹುಟ್ಟುವುದಿಲ್ಲ. ಥ್ರಾಂಬಿನ್ ಕಡಿಮೆಯಾದರೆ ನಾಳವೂ ಕಡಿಮೆ ಎನ್ನುವುದಾದರೆ ಅವರ ಕೀಲಿನಲ್ಲಿ ನಾಳ ಬೆಳೆಯಬಾರದಿತ್ತು. ಆಗುವುದು ತಿರುಗುಮುರುಗು. ಕೀಲಿನೊಳಗೆ ಪದೇ ಪದೇ ರಕ್ತ ಸೋರಿ, ಉರಿಯೂತವಾಗಿ, ಒಳಪದರದ ತುಂಬ ಮೆದುವಾದ ಹೊಸ ನಾಳಗಳು ಹುಟ್ಟುತ್ತವೆ. ಅವು ಮತ್ತೆ ಒಡೆಯುತ್ತವೆ. ‘ಹೆಪ್ಪು ಕಡಿಮೆ ಮಾಡಿದರೆ ನಾಳವೂ ಕಡಿಮೆ’ ಎಂಬ ನೇರ ಲೆಕ್ಕ ದೇಹಕ್ಕೆ ಹೊಂದುವುದಿಲ್ಲ.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಹೆಪ್ಪು ಬಂದದ್ದು ಕ್ಯಾನ್ಸರ್ ಮರಳಿದ ಗುರುತೇ? ಕ್ಯಾನ್ಸರ್‌ಗೂ ಹೆಪ್ಪಿಗೂ ಇರುವ ನಂಟನ್ನು ಫ್ರಾನ್ಸಿನ ವೈದ್ಯ ಆರ್ಮಾಂಡ್ ಟ್ರೂಸೋ 1865ರಲ್ಲೇ ವಿವರಿಸಿದ್ದರು. ಎರಡು ವರ್ಷದ ನಂತರ ಅವರಿಗೇ ಹೆಪ್ಪು ಕಾಣಿಸಿಕೊಂಡು, ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಈ ಕಥೆ ಬಹಳ ಕಡೆ ಹೇಳಲ್ಪಡುತ್ತದೆ, ಓದಿದವರಿಗೆ ಭಯವಾಗುವುದು ಸಹಜ. ಆದರೆ ಟ್ರೂಸೋ ಅವರ ಕ್ಯಾನ್ಸರ್ ಇನ್ನೂ ಒಳಗೇ ಇತ್ತು. ನಿಮ್ಮ ಅಕ್ಕನದನ್ನು ತೆಗೆದಾಗಿದೆ. ದೊಡ್ಡ ಆಪರೇಷನ್, ಅದಾದ ಮೇಲೆ ಮಲಗಿದ್ದ ದಿನಗಳು, ಕೀಮೋ ಔಷಧ, ಕೀಮೋಗೆಂದು ಕೂರಿಸಿದ ನಳಿಕೆ, ವಾಂತಿಯಿಂದ ದೇಹದ ನೀರು ಕಡಿಮೆಯಾಗುವುದು, ಇವೆಲ್ಲ ತಾವಾಗಿಯೇ ಹೆಪ್ಪಿಗೆ ಕಾರಣವಾಗುತ್ತವೆ. ಕೀಮೋ ಪಡೆಯುತ್ತಿರುವವರಿಗೆ ಬೇರೆಯವರಿಗಿಂತ ಹೆಪ್ಪಿನ ಅಪಾಯ ಸುಮಾರು ಆರು ಪಟ್ಟು. ಕ್ಯಾನ್ಸರ್ ಮರಳಿದೆಯೇ ಎಂದು ತಿಳಿಯಲು ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆಗಳಿವೆ. ಕಾಲಿನ ಊತದಿಂದ ಅದನ್ನು ಓದಲು ಹೋಗಬೇಡಿ. ಮನಸ್ಸು ಒಪ್ಪದಿದ್ದರೆ ‘ಮುಂದಿನ ಸ್ಕ್ಯಾನ್ ಯಾವಾಗ, ಬೇಗ ಮಾಡುವ ಅಗತ್ಯವಿದೆಯೇ’ ಎಂದು ಕ್ಯಾನ್ಸರ್ ತಜ್ಞರನ್ನು ನೇರವಾಗಿ ಕೇಳಿ. ಅದು ಕೇಳಬಾರದ ಪ್ರಶ್ನೆಯೇನಲ್ಲ.

ಎರಡನೆಯದು, ಮಾತ್ರೆಯಿಂದ ಕ್ಯಾನ್ಸರ್ ನಿಲ್ಲುತ್ತದೆಯೇ? ನಾನು ಓದುತ್ತಿದ್ದ ಕಾಲದಲ್ಲಿ ನಮಗೂ ಈ ಆಸೆ ಇತ್ತು. ಪ್ರಾಣಿಗಳಲ್ಲಿ ಹೆಪರಿನ್ ಎಂಬ ಹೆಪ್ಪು ತಡೆಯುವ ಔಷಧ ಕೊಟ್ಟಾಗ ಕ್ಯಾನ್ಸರ್ ಹರಡುವುದು ಕಡಿಮೆಯಾಗಿತ್ತು. ಮನುಷ್ಯರಲ್ಲಿ ಸರಿಯಾಗಿ ಪರೀಕ್ಷೆ ಮಾಡಿದಾಗ ಆಸೆ ಈಡೇರಲಿಲ್ಲ. ನಿಮ್ಮ ಅಕ್ಕನ ಸ್ಥಿತಿಗೆ ತೀರ ಹತ್ತಿರದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಕರುಳಿನ ಕ್ಯಾನ್ಸರ್ ಆಪರೇಷನ್ ಆಗಬೇಕಿದ್ದ 614 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಆಪರೇಷನ್‌ಗೆ ಮೊದಲೇ ಶುರು ಮಾಡಿ, ಆಮೇಲೂ ಎಂಟು ವಾರ ಹೆಪರಿನ್ ಜಾತಿಯ ಇಂಜೆಕ್ಷನ್ ಕೊಟ್ಟರು. ಇನ್ನೊಂದು ಗುಂಪಿಗೆ ಆಸ್ಪತ್ರೆಯಲ್ಲಿದ್ದಷ್ಟು ದಿನ ಮಾತ್ರ. ಮೂರು ವರ್ಷದ ನಂತರ ಕ್ಯಾನ್ಸರ್ ಮರಳುವುದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ.

ಯಾಕೆ ಹೀಗೆ? ನಾವು ಕೊಡುವ ಡೋಸ್ ಥ್ರಾಂಬಿನನ್ನು ಪೂರ್ತಿ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಬೆರಳು ಕೊಯ್ದಾಗ ರಕ್ತ ನಿಲ್ಲುವಷ್ಟು ಥ್ರಾಂಬಿನ್ ಉಳಿಯಲೇಬೇಕು. ಅಷ್ಟು ಉಳಿದರೆ ಗಡ್ಡೆಗೂ ಸ್ವಲ್ಪ ಉಳಿಯುತ್ತದೆ. ಅದಲ್ಲದೆ ಗಡ್ಡೆಗೆ ನಾಳ ಬೆಳೆಸಲು ಬೇರೆ ದಾರಿಗಳೂ ಇವೆ, ವಿಇಜಿಎಫ್ ಒಂದನ್ನು ಅದು ತಾನೇ ಧಾರಾಳವಾಗಿ ತಯಾರಿಸಿಕೊಳ್ಳುತ್ತದೆ. ಇನ್ನು ನೀವಾಗಿಯೇ ಡೋಸ್ ಹೆಚ್ಚಿಸಿದರೆ ಸಿಗುವುದು ಒಂದೇ, ರಕ್ತಸ್ರಾವ. ಕರುಳಿನಲ್ಲಿ, ಇಲ್ಲವೇ ಮಿದುಳಿನಲ್ಲಿ. ಅಂಥ ರೋಗಿಗಳನ್ನು ನೋಡಿದ್ದೇನೆ, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ರಕ್ತನಾಳ ಬೆಳೆಯುವುದನ್ನೇ ಗುರಿಯಾಗಿಟ್ಟುಕೊಂಡ ಔಷಧ ಇಲ್ಲವೇ ಅಂದರೆ, ಇದೆ. ವಿಇಜಿಎಫ್ ತಡೆಯುವ ಬೆವಾಸಿಜುಮಾಬ್ 2004ರಿಂದ ಬಳಕೆಯಲ್ಲಿದೆ. ಹರಡಿರುವ ಕರುಳಿನ ಕ್ಯಾನ್ಸರ್‌ಗೆ ಕೀಮೋ ಜೊತೆ ಕೊಡುತ್ತಾರೆ. ಗಡ್ಡೆಯನ್ನು ಪೂರ್ತಿ ತೆಗೆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಪ್ರಯೋಗಗಳಲ್ಲಿ ಅವರಿಗೆ ಲಾಭ ಕಾಣಲಿಲ್ಲ. ಇದರ ಅಡ್ಡಪರಿಣಾಮ ಕೇಳಿದರೆ ಈ ಎರಡು ವ್ಯವಸ್ಥೆಗಳು ಎಷ್ಟು ಹೆಣೆದುಕೊಂಡಿವೆ ಎಂದು ಗೊತ್ತಾಗುತ್ತದೆ. ನಾಳದ ಬೆಳವಣಿಗೆ ತಡೆಯಲೆಂದು ಕೊಟ್ಟ ಔಷಧದಿಂದ ಕೆಲವರಿಗೆ ರಕ್ತಸ್ರಾವ, ಕೆಲವರಿಗೆ ಹೃದಯ ಅಥವಾ ಮಿದುಳಿನ ನಾಳದಲ್ಲಿ ಹೆಪ್ಪು. ನಾಳದ ಒಳಮೈ ಆರೋಗ್ಯವಾಗಿರಲು ದಿನನಿತ್ಯ ಸ್ವಲ್ಪ ವಿಇಜಿಎಫ್ ಬೇಕು, ಅದು ತಪ್ಪಿದರೆ ಹೀಗಾಗುತ್ತದೆ. ಗಾಯವೂ ನಿಧಾನವಾಗಿ ಮಾಯುತ್ತದೆ, ಅದಕ್ಕೇ ದೊಡ್ಡ ಆಪರೇಷನ್ ಆದ ಮೇಲೆ ಕನಿಷ್ಠ 28 ದಿನ ಇದನ್ನು ಕೊಡುವುದಿಲ್ಲ.

ನಿಮ್ಮ ಭಾವನವರ ಭಯ ಈ ಔಷಧದ ವಿಚಾರದಲ್ಲಿ ಸರಿಯಾಗುತ್ತಿತ್ತು. ಅಪಿಕ್ಸಬಾನ್ ವಿಚಾರದಲ್ಲಿ ಅಲ್ಲ. ಲೆಕ್ಕ ಹಾಕಿ ನೋಡಿ. ಆಪರೇಷನ್ ಆಗಿ ನಾಲ್ಕು ತಿಂಗಳು. ಮಾತ್ರೆ ಶುರುವಾಗಿ ಐದು ವಾರ. ಮಾತ್ರೆ ಶುರುವಾಗುವಾಗಲೇ ಗಾಯಕ್ಕೆ ಸುಮಾರು ಹನ್ನೆರಡು ವಾರ ವಯಸ್ಸಾಗಿತ್ತು. ಕರುಳಿನ ಜೋಡಣೆ ಸೋರುವ ಅಪಾಯ ಮುಖ್ಯವಾಗಿ ಮೊದಲ ಒಂದೆರಡು ವಾರದ್ದು. ನಾಳ ಹಬ್ಬುವ ಕೆಲಸ ಅಲ್ಲಿ ಯಾವತ್ತೋ ಮುಗಿದಿದೆ. ಇನ್ನೊಂದು ಸಂಗತಿಯನ್ನೂ ಅವರಿಗೆ ಹೇಳಿ. ಸೊಂಟದ ಕೀಲು ಬದಲಿಸಿದವರಿಗೆ ಇದೇ ಅಪಿಕ್ಸಬಾನನ್ನು ಕಡಿಮೆ ಡೋಸಿನಲ್ಲಿ, ಆಪರೇಷನ್ ಆದ 12ರಿಂದ 24 ಗಂಟೆಯೊಳಗೆ ಶುರು ಮಾಡಿ 35 ದಿನ ಕೊಡುತ್ತಾರೆ. ಅವರ ಗಾಯಗಳು ಮಾಯುತ್ತವೆ. ಈ ಮಾತ್ರೆಗಳಿಂದ ಹೊಸ ಗಾಯಕ್ಕೆ ತೊಂದರೆಯಾದರೆ ಅದು ಸಾಮಾನ್ಯವಾಗಿ ಒಳಗೆ ರಕ್ತ ತುಂಬಿಕೊಳ್ಳುವುದರಿಂದ.

ಹೊಸ ನಾಳಗಳು ನಿಮ್ಮ ಅಕ್ಕನ ಪರವಾಗಿ ದುಡಿಯುತ್ತಿರುವ ಜಾಗ ಒಂದಿದೆ, ಅದನ್ನು ಯಾರೂ ಹೇಳಿರಲಿಕ್ಕಿಲ್ಲ. ಅದು ಆ ತೊಡೆಯ ಹೆಪ್ಪಿನ ಒಳಗೇ. ಹಳೆಯದಾಗುತ್ತಾ ಬಂದ ಹೆಪ್ಪಿನೊಳಕ್ಕೆ ನಾಳದ ಗೋಡೆಯಿಂದ ಜೀವಕೋಶಗಳು ಬರುತ್ತವೆ, ಸಣ್ಣ ಸಣ್ಣ ಕಾಲುವೆಗಳನ್ನು ಕೊರೆಯುತ್ತವೆ, ಪ್ಲಾಸ್ಮಿನ್ ಫೈಬ್ರಿನನ್ನು ತಿನ್ನುತ್ತಾ ಹೋಗುತ್ತದೆ. ವಾರಗಳು, ತಿಂಗಳುಗಳು ಕಳೆದಂತೆ ರಕ್ತ ಮತ್ತೆ ಹರಿಯಲು ದಾರಿಯಾಗುತ್ತದೆ. ಈ ಕೆಲಸ ಮಾತ್ರೆ ತೆಗೆದುಕೊಳ್ಳುವಾಗಲೂ ನಡೆಯುತ್ತದೆ. ಮಾತ್ರೆ ಇಲ್ಲದಿದ್ದರೆ ಹಳೆ ಹೆಪ್ಪಿನ ಮೇಲೆ ಹೊಸ ಹೆಪ್ಪು ಕೂರುತ್ತಾ ಹೋಗಿ ದುರಸ್ತಿಯೇ ಹಿಂದೆ ಬೀಳುತ್ತದೆ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ಈಗಿರುವ ಡೋಸನ್ನೇ ಮುಂದುವರಿಸುವುದು ಮೊದಲನೆಯದು. ಕನಿಷ್ಠ ಆರು ತಿಂಗಳು, ಕೀಮೋ ನಡೆಯುತ್ತಿದ್ದರೆ ಅದಕ್ಕಿಂತ ಜಾಸ್ತಿ. ಇದರಲ್ಲಿರುವ ಅಪಾಯ ರಕ್ತಸ್ರಾವ. ಕೀಮೋದಿಂದ ಪ್ಲೇಟ್‌ಲೆಟ್ ಕಡಿಮೆಯಾಗಬಹುದು. 50,000ಕ್ಕಿಂತ ಕೆಳಗೆ ಹೋದರೆ ಡೋಸಿನ ಬಗ್ಗೆ ಮತ್ತೆ ಯೋಚಿಸಬೇಕು. ಹಾಗಾಗಿ ಪ್ರತಿ ಕೀಮೋಗೆ ಮುಂಚಿನ ರಕ್ತ ಪರೀಕ್ಷೆಯ ವರದಿಯನ್ನು ಹೆಪ್ಪಿನ ಚಿಕಿತ್ಸೆ ನೋಡಿಕೊಳ್ಳುವ ವೈದ್ಯರಿಗೂ ತೋರಿಸಿ. ಇಬ್ಬರೂ ಬೇರೆ ಬೇರೆಯವರಾದರೆ ಈ ಕೊಂಡಿಯೇ ಸಾಮಾನ್ಯವಾಗಿ ತಪ್ಪಿಹೋಗುವುದು.

ವಾಂತಿ ಜೋರಾಗಿ ಮಾತ್ರೆ ಒಳಗೆ ನಿಲ್ಲದಿದ್ದರೆ, ಅಥವಾ ಬೇರೆ ಔಷಧದ ಜೊತೆ ಅಪಿಕ್ಸಬಾನ್ ಹೊಂದದಿದ್ದರೆ ಹೆಪರಿನ್ ಜಾತಿಯ ಇಂಜೆಕ್ಷನ್‌ಗೆ ಬದಲಿಸುತ್ತಾರೆ. ಕ್ಯಾನ್ಸರ್ ರೋಗಿಗಳಲ್ಲಿ ಇದಕ್ಕೆ ಒಳ್ಳೆಯ ಹಿನ್ನೆಲೆಯಿದೆ. 2003ರ ಪ್ರಯೋಗದಲ್ಲಿ ಹೆಪ್ಪು ತಡೆಯುವ ಹಳೆಯ ಔಷಧವಾದ ವಾರ್ಫರಿನ್ ಜಾತಿಯ ಮಾತ್ರೆ ತೆಗೆದುಕೊಂಡವರಲ್ಲಿ ಆರು ತಿಂಗಳಲ್ಲಿ ನೂರಕ್ಕೆ 17 ಜನರಿಗೆ ಹೆಪ್ಪು ಮರಳಿತು, ಇಂಜೆಕ್ಷನ್ ಪಡೆದವರಲ್ಲಿ 9 ಜನರಿಗೆ. ಕಷ್ಟ ಅಂದರೆ ದಿನಾ ಚುಚ್ಚಿಸಿಕೊಳ್ಳಬೇಕು. ತಿಂಗಳುಗಟ್ಟಲೆ ಹಾಗೆ ಮಾಡುವುದು ಬಹಳ ಜನರಿಗೆ ಆಗುವುದಿಲ್ಲ, ಮಧ್ಯೆ ಬಿಟ್ಟುಬಿಡುತ್ತಾರೆ.

ಆರು ತಿಂಗಳು ದಾಟಿದ ಮೇಲೂ ಮಾತ್ರೆ ಬೇಕು ಅನ್ನಿಸಿದರೆ ಅರ್ಧ ಡೋಸಿನ ದಾರಿಯಿದೆ. 2025ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ಆರು ತಿಂಗಳು ಚಿಕಿತ್ಸೆ ಮುಗಿಸಿದ ಕ್ಯಾನ್ಸರ್ ರೋಗಿಗಳಿಗೆ ಅಪಿಕ್ಸಬಾನ್ 5 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ಟರು. ಹೆಪ್ಪು ಮರಳುವುದು ಹೆಚ್ಚಲಿಲ್ಲ, ರಕ್ತಸ್ರಾವ ಕಡಿಮೆಯಾಯಿತು. ಐದನೇ ವಾರದಲ್ಲಿ ಈ ಮಾತಿಗೆ ಜಾಗವಿಲ್ಲ. ಆರನೇ ತಿಂಗಳಲ್ಲಿ ಖಂಡಿತ ಕೇಳಿ. ಹೆಪ್ಪಿನ ತುಂಡು ಶ್ವಾಸಕೋಶಕ್ಕೆ ಹೋಗದಂತೆ ಹೊಟ್ಟೆಯ ದೊಡ್ಡ ರಕ್ತನಾಳದಲ್ಲಿ ಜಾಲರಿ ಕೂರಿಸುವ ವಿಧಾನವೂ ಇದೆ, ಆದರೆ ಅದು ಯಾವ ಔಷಧವನ್ನೂ ಕೊಡಲಾಗದವರಿಗೆ. ಇರುವ ಹೆಪ್ಪಿಗೆ ಅದು ಚಿಕಿತ್ಸೆಯಲ್ಲ, ದಿನ ಕಳೆದಂತೆ ಕಾಲಿನಲ್ಲಿ ಹೊಸ ಹೆಪ್ಪಿಗೆ ಅದೇ ಕಾರಣವಾಗಬಹುದು.

ಎಂಜೈಮ್ ಕ್ಯಾಪ್ಸೂಲ್ ಬೇಡವೇ ಬೇಡ. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಕಿಣ್ವ ಅಂದರೆ ಪ್ರೋಟೀನ್, ನುಂಗಿದ್ದರಲ್ಲಿ ಬಹುಪಾಲು ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ತೊಡೆಯ ಹೆಪ್ಪು ಕರಗಿಸುತ್ತದೆ ಎನ್ನಲು ನಂಬುವಂತಹ ಆಧಾರವಿಲ್ಲ. ಅಷ್ಟಿಷ್ಟು ರಕ್ತಕ್ಕೆ ಸೇರಿದರೂ ಅಪಿಕ್ಸಬಾನ್ ಜೊತೆ ಸೇರಿ ರಕ್ತಸ್ರಾವ ಹೆಚ್ಚಿಸಬಹುದು. ಸುಮ್ನೆ ಅಪಾಯ ತಂದುಕೊಂಡಂತಾಗುತ್ತದೆ. ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ.

ಮಲ ಕಪ್ಪಗೆ ಡಾಂಬರಿನಂತೆ ಹೋದರೆ ಅಥವಾ ಅದರಲ್ಲಿ ರಕ್ತ ಕಂಡರೆ, ಇದ್ದಕ್ಕಿದ್ದಂತೆ ಜೋರು ತಲೆನೋವು ಬಂದರೆ, ಮಾತು ತೊದಲಿದರೆ, ಉಸಿರು ಸಿಕ್ಕಿಕೊಂಡರೆ, ಎದೆ ಹಿಡಿದುಕೊಂಡರೆ ಮುಂದಿನ ಭೇಟಿಗೆ ಕಾಯಬೇಡಿ, ತಕ್ಷಣ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ಅಪಿಕ್ಸಬಾನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 12 ಗಂಟೆ ಸಾಕು. ಅದಕ್ಕೇ ದಿನಕ್ಕೆರಡು ಸಲ. ಒಂದು ಹೊತ್ತಿನ ಮಾತ್ರೆ ಮರೆತರೆ ಅದೇ ದಿನ ನೆನಪಾದ ಕೂಡಲೇ ಕೊಡಿ, ಮುಂದಿನ ಹೊತ್ತಿನದನ್ನು ಎಂದಿನ ಸಮಯಕ್ಕೆ ಕೊಡಿ. ಎರಡನ್ನು ಒಟ್ಟಿಗೆ ಕೊಡಬೇಡಿ. ಮಾತ್ರೆ ಖಾಲಿಯಾಗುವ ನಾಲ್ಕು ದಿನ ಮೊದಲೇ ತಂದಿಟ್ಟುಕೊಳ್ಳಿ.